ತೋಟದ ಮನೆಗೆ ಗ್ಯಾಸ್ ಗೀಸರ್: ಹಾಕಿಸಿ, ಆದ್ರೆ ಬಚ್ಚಲಿನ ಹೊರಗೆ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ, ತೀರ್ಥಹಳ್ಳಿ ಕಡೆ ಒಂದು ತುಂಡು ಜಾಗ, ಅದರಲ್ಲೊಂದು ಪುಟ್ಟ ಮನೆ. ಬೆಂಗಳೂರಲ್ಲಿ ದುಡಿಯೋ ಎಷ್ಟೋ ಜನರ ಕನಸು ಇದು. ಕೆಲವರಿಗೆ ಅಪ್ಪ-ಅಮ್ಮನ ತೋಟವೇ ಇರುತ್ತೆ, ಅಲ್ಲೇ ಒಂದು ಮೂಲೆಯಲ್ಲಿ ವೀಕೆಂಡ್ ಮನೆ ಎದ್ದಿರುತ್ತೆ. ಕರೆಂಟ್ ಲೈನ್ ಎಳೆಸೋಣ ಅಂದ್ರೆ ಕಂಬಗಳ ಲೆಕ್ಕ ಕೇಳಿಯೇ ಸುಸ್ತು. ಸರಿ, ಮಾಡಿನ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್, ಒಳಗೆ ಬ್ಯಾಟರಿ, ಇನ್ವರ್ಟರ್. ಲೈಟು, ಫ್ಯಾನು, ಲ್ಯಾಪ್‌ಟಾಪು, ವೈಫೈ ಎಲ್ಲ ಆರಾಮಾಗಿ ನಡೆಯುತ್ತೆ.

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬರುವ ಪ್ರಶ್ನೆ ಒಂದೇ. ಸ್ನಾನಕ್ಕೆ ಬಿಸಿನೀರು ಹೇಗೆ?

ಸೋಲಾರ್ ಕರೆಂಟ್ ಹೇಗೂ ಬಿಟ್ಟಿ, ಒಂದು ಎಲೆಕ್ಟ್ರಿಕ್ ಗೀಸರ್ ಹಾಕಿಸಿದ್ರಾಯ್ತು ಅಂತ ಹೆಚ್ಚಿನವರಿಗೆ ಮೊದಲು ಅನ್ನಿಸುತ್ತೆ. ಬೇಡ. ಲೈನ್ ಇಲ್ಲದ ಮನೆಯಲ್ಲಿ ನೀರು ಕಾಯಿಸೋ ಕೆಲಸವನ್ನು ಗ್ಯಾಸಿಗೆ ಬಿಡೋದೇ ಜಾಣತನ. ಯಾಕೆ ಅನ್ನೋದಕ್ಕೆ ಸಣ್ಣ ಲೆಕ್ಕ ಇದೆ. ಆ ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ: ಆ ಗ್ಯಾಸ್ ಗೀಸರ್ ಎಲ್ಲಿ ನೇತಾಡಬೇಕು ಅನ್ನೋದು. ಮೊದಲನೆಯದು ತಪ್ಪಿದ್ರೆ ದುಡ್ಡು ಹೋಗುತ್ತೆ. ಎರಡನೆಯದು ತಪ್ಪಿದ್ರೆ ಜೀವ ಹೋಗುತ್ತೆ.

ಒಂದು ಬಕೆಟ್ ನೀರಿನ ಲೆಕ್ಕ

ಮೊಬೈಲಿನ ಕ್ಯಾಲ್ಕುಲೇಟರ್ ತೆಗೀರಿ. ನೀರು ಎಷ್ಟು ಲೀಟರ್, ಎಷ್ಟು ಡಿಗ್ರಿ ಬಿಸಿ ಏರಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿ. ಬಂದ ಉತ್ತರ ಎಷ್ಟು ಯೂನಿಟ್ ಶಕ್ತಿ ಬೇಕು ಅನ್ನೋದು. ನೀರು ಯಾರ ಮನೆಯದಾದರೂ ಈ ಲೆಕ್ಕ ಬದಲಾಗಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಅದನ್ನು 45ಕ್ಕೆ ಏರಿಸಬೇಕು. ಒಂದು ಬಕೆಟ್ ಅಂದ್ರೆ 20 ಲೀಟರ್. ಇಪ್ಪತ್ತು ಇಂಟು ಇಪ್ಪತ್ತೈದು, ಭಾಗಿಸು 860. ಉತ್ತರ 0.58 ಯೂನಿಟ್.

ಅರ್ಧ ಯೂನಿಟ್ ಚಿಲ್ಲರೆ ತಾನೇ ಅಂತ ಅನ್ನಿಸಬಹುದು. ಆದರೆ ಇಷ್ಟೇ ಶಕ್ತಿಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 64 ಗಂಟೆ ಉರಿಯುತ್ತೆ. ಎರಡೂವರೆ ದಿನದ ಬೆಳಕು ಒಬ್ಬರ ಸ್ನಾನಕ್ಕೆ ಹೋಯ್ತು. ಊರಿನ ಮನೆಯಲ್ಲಿ ಸ್ವಿಚ್ ಒತ್ತಿದರೆ ಗೀಸರಿನ ಕೆಂಪು ದೀಪ ಹತ್ತುತ್ತೆ, ತಿಂಗಳ ಕೊನೆಗೆ ಬಿಲ್ಲಿನಲ್ಲಿ ಎಲ್ಲ ಸೇರಿಹೋಗುತ್ತೆ. ಅದಕ್ಕೇ ನೀರು ಕಾಯಿಸೋದು ಎಷ್ಟು ಭಾರದ ಕೆಲಸ ಅಂತ ನಮಗೆ ಗೊತ್ತೇ ಆಗಲ್ಲ.

ಈಗ ಬ್ಯಾಟರಿ ನೋಡೋಣ. ಎಲ್ಲರ ಮನೆಯಲ್ಲೂ ಕಾಣೋ 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಒಟ್ಟು 1.8 ಯೂನಿಟ್ ಹಿಡಿಯುತ್ತೆ. ಇಂಥ ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಬೇಗ ಮುಗಿಯುತ್ತೆ. ಅಂದರೆ ಕೈಗೆ ಸಿಗೋದು 0.9 ಯೂನಿಟ್. ಇನ್ವರ್ಟರಿನಲ್ಲಿ ಸ್ವಲ್ಪ ಸೋರುತ್ತೆ, ಹಾಗಾಗಿ ಒಂದು ಬಕೆಟ್ಟಿಗೆ 0.65 ಯೂನಿಟ್ ಅಂತ ಹಿಡಿಯಿರಿ. ಮನೆಯಲ್ಲಿ ಮೊದಲು ಎದ್ದವರು ಸ್ನಾನ ಮುಗಿಸಿ ಬರೋ ಹೊತ್ತಿಗೆ ಬ್ಯಾಟರಿಯಲ್ಲಿ ಬಳಸಬಹುದಾದ್ದರಲ್ಲಿ ಮುಕ್ಕಾಲು ಪಾಲು ಹತ್ತಿರ ಹತ್ತಿರ ಮುಗಿದಿರುತ್ತೆ. ಎರಡನೆಯವರಿಗೆ ತಣ್ಣೀರು, ರಾತ್ರಿಗೆ ಮೇಣದಬತ್ತಿ.

ಅದೂ ಗೀಸರ್ ಆನ್ ಆದರೆ! ಸಾಮಾನ್ಯ ಗೀಸರ್ 2000 ವ್ಯಾಟ್ ಎಳೆಯುತ್ತೆ. ಮನೆಬಳಕೆಯ ಸಣ್ಣ ಇನ್ವರ್ಟರ್ ಅಷ್ಟು ಹೊರೆ ಬಿದ್ದ ತಕ್ಷಣ ಟ್ರಿಪ್ ಆಗುತ್ತೆ.

ದೊಡ್ಡ ಲಿಥಿಯಂ ಬ್ಯಾಟರಿ, ದೊಡ್ಡ ಇನ್ವರ್ಟರ್ ಹಾಕಿಸ್ತೀನಿ ಅಂದ್ರೆ? ಆಗುತ್ತೆ, ಖಂಡಿತ. ನಾಲ್ಕು ಜನರ ಸ್ನಾನ, ಪಾತ್ರೆ ತೊಳೆಯೋಕೆ ಸ್ವಲ್ಪ, ಒಟ್ಟು ಐದು ಬಕೆಟ್ ಅಂದ್ರೆ ಸೋರಿಕೆ ಸೇರಿ ದಿನಕ್ಕೆ ಮೂರೂವರೆ ಯೂನಿಟ್ ಹತ್ತಿರ. ಒಳ್ಳೆ ಬಿಸಿಲಿನ ದಿನ 1 ಕಿಲೋವ್ಯಾಟ್ ಪ್ಯಾನೆಲ್ ಕೊಡೋದು ಸುಮಾರು 4 ಯೂನಿಟ್. ಅಂದರೆ ಒಂದು ಕಿಲೋವ್ಯಾಟ್ ಪೂರ್ತಿ ಬಚ್ಚಲಿಗೇ ಮೀಸಲು. ಇದು ಬಿಸಿಲಿನ ದಿನದ ಮಾತು. ಆಷಾಢದಲ್ಲಿ ವಾರಗಟ್ಟಲೆ ಮೋಡ ಕವಿದು ಕೂತಾಗ ಅದೇ ಪ್ಯಾನೆಲ್ ಕೊಡೋದು ಅದರಲ್ಲೊಂದು ಚೂರು. ಬಿಸಿನೀರು ಅತಿ ಹೆಚ್ಚು ಬೇಕಾಗೋದು ಆ ವಾರಗಳಲ್ಲೇ. ಆ ಕೆಲವು ವಾರಗಳಿಗಾಗಿ ಇಡೀ ವ್ಯವಸ್ಥೆಯನ್ನು ಎರಡು ಮೂರು ಪಟ್ಟು ದೊಡ್ಡದು ಮಾಡಬೇಕಾಗುತ್ತೆ.

ಟ್ಯೂಬ್ ಇರುವ ಸೋಲಾರ್ ವಾಟರ್ ಹೀಟರ್ ಬೇರೆ ಮಾತು. ಅದು ಬಿಸಿಲನ್ನು ಕರೆಂಟ್ ಮಾಡದೆ ನೇರ ನೀರಿಗೇ ಕೊಡುತ್ತೆ. ಮಳೆ ನಿಂತ ಮೇಲೆ, ಬೇಸಿಗೆ ಮುಗಿಯೋವರೆಗೂ ಅದಕ್ಕಿಂತ ಅಗ್ಗದ ಬಿಸಿನೀರು ಇಲ್ಲ. ಜಾಗ, ಬಜೆಟ್ ಇದ್ದರೆ ಹಾಕಿಸಿ. ಆದರೆ ಮಳೆಗಾಲಕ್ಕೆ ಅದರ ಜೊತೆಗೊಬ್ಬರು ಬೇಕೇ ಬೇಕು.

ಸಿಲಿಂಡರಿನೊಳಗೆ ಎಷ್ಟು ಸ್ನಾನ?

ಹೊರದೇಶಗಳಲ್ಲಿ ಕಾಡಿನಂಚಿನ ಮನೆಗಳಿಗೆ ಪ್ರೊಪೇನ್ ಟ್ಯಾಂಕ್ ಇಟ್ಟುಕೊಳ್ಳೋದನ್ನು ಯೂಟ್ಯೂಬಿನಲ್ಲಿ ನೋಡಿರ್ತೀರಿ. ನಮ್ಮ ಅಡುಗೆಮನೆಯ ಎಲ್‌ಪಿಜಿಯೂ ಅದೇ ಕುಟುಂಬ: ಪ್ರೊಪೇನ್ ಮತ್ತು ಬ್ಯೂಟೇನ್ ಸೇರಿದ ಮಿಶ್ರಣ. ಅಪ್ಪಟ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತೆ. ಹಿಮ ಬೀಳೋ ದೇಶಗಳಲ್ಲಿ ಪ್ರೊಪೇನೇ ಬೇಕು ಅನ್ನೋದು ಅದಕ್ಕೇ. ಮಡಿಕೇರಿಯ ಚಳಿಗೆ ನಮ್ಮ ಮಿಶ್ರಣ ಧಾರಾಳ ಸಾಕು.

ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 12.8 ಯೂನಿಟ್‌ನಷ್ಟು ಶಾಖ ಬರುತ್ತೆ. 14.2 ಕಿಲೋದ ಕೆಂಪು ಸಿಲಿಂಡರಿನಲ್ಲಿ ಹತ್ತಿರ ಹತ್ತಿರ 180 ಯೂನಿಟ್. ಗೀಸರಿನಲ್ಲಿ ಅದರ ಶೇ 80ರಷ್ಟು ನೀರಿಗೆ ಸೇರುತ್ತೆ ಅಂದರೂ 145 ಯೂನಿಟ್. ನಮ್ಮ ಲೆಕ್ಕದ 0.58ರಿಂದ ಭಾಗಿಸಿ: 250 ಬಕೆಟ್! ದಿನಾ ಐದು ಬಕೆಟ್ ಬಳಸಿದರೂ 50 ದಿನ. ವೀಕೆಂಡಿಗೆ ಮಾತ್ರ ಹೋಗೋ ಮನೆಯಾದರೆ ಇಡೀ ಮಳೆಗಾಲ ಒಂದು ಸಿಲಿಂಡರಿನಲ್ಲಿ ಮುಗಿಯುತ್ತೆ. ಒಂದು ಬಕೆಟ್ಟಿಗೆ ತಗಲೋದು 60 ಗ್ರಾಂಗಿಂತ ಕಡಿಮೆ ಗ್ಯಾಸ್.

ದುಡ್ಡಿನ ಲೆಕ್ಕ ಬೇಕಾ? ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 145ರಿಂದ ಭಾಗಿಸಿ. 900 ರೂಪಾಯಿ ಅಂದ್ರೆ ಯೂನಿಟ್ಟಿಗೆ ಆರು ರೂಪಾಯಿ ಚಿಲ್ಲರೆ. ಅಂದರೆ ಲೈನ್ ಇರುವ ಮನೆಯಲ್ಲಿ ಗ್ಯಾಸ್ ಗೀಸರಿನಿಂದ ಅಂಥಾ ಉಳಿತಾಯವೇನೂ ಇಲ್ಲ. ಗ್ಯಾಸು ಗೆಲ್ಲೋದು ಬ್ಯಾಟರಿಯ ಎದುರು. ಶಕ್ತಿಯನ್ನು ತಿಂಗಳುಗಟ್ಟಲೆ ಸೋರದ ಹಾಗೆ ಒಂದು ಮೂಲೆಯಲ್ಲಿ ಇಟ್ಟುಕೊಳ್ಳೋಕೆ ಸಿಲಿಂಡರಿನಷ್ಟು ಅಗ್ಗದ ಡಬ್ಬಿ ಬೇರೆ ಇಲ್ಲ.

ಇನ್ನೊಂದು ಅನುಕೂಲ, ಈ ಗೀಸರುಗಳಿಗೆ ಕರೆಂಟೇ ಬೇಡ. ಹೆಚ್ಚಿನವಕ್ಕೆ ಟಾರ್ಚಿಗೆ ಹಾಕೋ ಎರಡು ದಪ್ಪ ಸೆಲ್ ಸಾಕು. ನಲ್ಲಿ ತಿರುಗಿಸಿದರೆ ಕಿಡಿ ಹಾರಿ ಉರಿ ಹತ್ತುತ್ತೆ, ನಿಲ್ಲಿಸಿದರೆ ಆರುತ್ತೆ.

ಹಂಡೆ ಒಲೆಯ ಬಚ್ಚಲು ಮತ್ತು ಅಟ್ಯಾಚ್ಡ್ ಬಾತ್‌ರೂಮು

ಇನ್ನು ಎರಡನೇ ಮಾತು. ಗೀಸರ್ ತಂದಾಯ್ತು, ಪ್ಲಂಬರ್ ಬಂದಾಯ್ತು. ಅವರು ಕೇಳೋದು ಹೀಗೆ: "ಸಾರ್, ಒಳಗೇ ಷವರ್ ಪಕ್ಕ ಹಾಕ್ಬಿಡ್ಲಾ? ಪೈಪು ಉಳಿಯುತ್ತೆ, ನಿಮಗೂ ಕೈಗೆ ಸಿಗುತ್ತೆ."

ಇದಕ್ಕೆ ಒಂದೇ ಉತ್ತರ. "ಬೇಡಣ್ಣ, ಹೊರಗಡೆ ಗೋಡೆಗೆ ಹಾಕಿ. ಪೈಪಿನ ದುಡ್ಡು ನಾನು ಕೊಡ್ತೀನಿ."

ಅಜ್ಜಿ ಕಾಲದಲ್ಲಿ ಬಚ್ಚಲೊಳಗೇ ಒಲೆ ಉರೀತಿತ್ತಲ್ಲ, ಅವರಿಗೆಲ್ಲ ಏನೂ ಆಗಲಿಲ್ಲವಲ್ಲ ಅಂತ ಮನೆಯ ಹಿರಿಯರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಹಳೇ ಬಚ್ಚಲುಮನೆ ಹೇಗಿತ್ತು ನೆನಪಿಸಿಕೊಳ್ಳಿ. ಮೇಲೆ ಹಂಚಿನ ಮಾಡು, ಹಂಚು ಹಂಚಿನ ನಡುವೆ ಸಂದಿ. ಸರಿಯಾಗಿ ಮುಚ್ಚದ ಬಾಗಿಲು, ಗಾಳಿ ಆಡೋ ಗೋಡೆ. ಅಡಿಕೆ ಸಿಪ್ಪೆ, ಸೋಗೆ ಒಟ್ಟಿ ಹಂಡೆ ಕಾಯಿಸಿದರೆ ಹೊಗೆ ಮಾಡಿನಿಂದ ಹೊರಗೆ ಏಳೋದು ದೂರದ ಗದ್ದೆಗೂ ಕಾಣ್ತಿತ್ತು. ಒಳಗೆ ಹೊಗೆ ತುಂಬಿದರೆ ಕಣ್ಣು ಉರಿದು, ಕೆಮ್ಮು ಬಂದು ಮನುಷ್ಯ ತಾನಾಗಿಯೇ ಹೊರಗೆ ಓಡ್ತಿದ್ದ.

ಈಗಿನ ಬಾತ್‌ರೂಮು? ಮೇಲೆ ಆರ್‌ಸಿಸಿ, ಸುತ್ತ ಟೈಲ್ಸು, ಬಿಗಿಯಾಗಿ ಕೂರೋ ಬಾಗಿಲು. ಇರೋದೊಂದು ವೆಂಟಿಲೇಟರು, ಅದಕ್ಕೂ ಚಳಿ ಬರುತ್ತೆ ಅಂತ ಗಾಜು ಮುಚ್ಚಿರ್ತೀವಿ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರೋ ಗಾಳಿ ಸುಮಾರು 8,000 ಲೀಟರ್. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡೋ ಗ್ಯಾಸ್ ಗೀಸರ್ ಪೂರ್ತಿ ಉರಿಯೋಕೆ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಗಾಳಿ ಬೇಕು. ಇಪ್ಪತ್ತು ನಿಮಿಷ ಷವರ್ ಬಿಟ್ಟುಕೊಂಡು ನಿಂತರೆ 4,000 ಲೀಟರ್ ದಾಟುತ್ತೆ. ಆ ರೂಮಿನ ಅರ್ಧ ಗಾಳಿಯ ಆಮ್ಲಜನಕ ಉರಿಗೇ ಬೇಕು. ನೀವು ಉಸಿರಾಡಬೇಕಾಗಿರೋದೂ ಅದನ್ನೇ.

ಆಮ್ಲಜನಕ ಕಡಿಮೆಯಾದಾಗ ಗ್ಯಾಸು ಪೂರ್ತಿ ಉರಿಯಲ್ಲ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯೋ ವಾಸನೆ ಕಂಪನಿಯವರು ಬೇಕೆಂದೇ ಸೇರಿಸಿದ್ದು, ಆದರೆ ಗ್ಯಾಸು ಉರಿದಾಗ ಆ ವಾಸನೆಯೂ ಸುಟ್ಟುಹೋಗುತ್ತೆ. ಹಾಗಾಗಿ "ವಾಸನೆ ಏನೂ ಬರ್ತಿಲ್ಲವಲ್ಲ" ಅನ್ನೋ ಸಮಾಧಾನಕ್ಕೆ ಇಲ್ಲಿ ಬೆಲೆಯೇ ಇಲ್ಲ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲಲ್ಲಿ ಬಲ ಇಲ್ಲದ ಹಾಗೆ. ಬಿಸಿನೀರಿಗೆ ಹೀಗಾಗ್ತಿದೆ ಅಂದುಕೊಂಡು ಇನ್ನೆರಡು ನಿಮಿಷ ನಿಲ್ತೀವಿ. ಬಾಗಿಲು ತೆಗೀಬೇಕು ಅಂತ ಅನ್ನಿಸೋ ಹೊತ್ತಿಗೆ ಚಿಲಕದವರೆಗೆ ಕೈ ಎತ್ತೋ ಶಕ್ತಿಯೂ ಉಳಿದಿರಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ ಅಪಾಯ ಇನ್ನೂ ಬೇಗ. ಬಾತ್‌ರೂಮಿನೊಳಗಿನ ಗ್ಯಾಸ್ ಗೀಸರಿಗೆ ಬಲಿಯಾದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದರಲ್ಲಿ ಹೊಸದಾಗಿ ಮದುವೆಯಾದವರು, ತಾಯಿ-ಮಗು ಇರ್ತಾರೆ. ಗೀಸರ್ ಒಡೆದಿರಲ್ಲ, ಬೆಂಕಿ ಬಿದ್ದಿರಲ್ಲ. ಎಲ್ಲ ಸರಿಯಾಗಿ ಕೆಲಸ ಮಾಡ್ತಿರುವಾಗಲೇ ಹೀಗಾಗುತ್ತೆ.

ಹಾಕಿಸುವಾಗ ಏನೇನು ನೋಡಬೇಕು

ಗೀಸರ್ ಬಚ್ಚಲಿನ ಹೊರಗೋಡೆಗೆ, ಸೂರಿನ ಕೆಳಗೆ, ಮಳೆ ಎರಚಲು ಮತ್ತು ನೇರ ಗಾಳಿ ಹೊಡೆಯದ ಕಡೆ ಇರಲಿ. ಕಿಟಕಿಯ ಕೆಳಗೆ ಅಥವಾ ಪಕ್ಕಕ್ಕೆ ಅಂಟಿಕೊಂಡ ಹಾಗೆ ಬೇಡ, ಹೊರಗೆ ಹೋದ ಹೊಗೆ ಅಲ್ಲಿಂದಲೇ ಒಳಗೆ ಬರುತ್ತೆ. ಗೋಡೆಗೆ ತೂತು ಮಾಡಿ ಬಿಸಿನೀರಿನ ಪೈಪು ಮಾತ್ರ ಒಳಗೆ ತಂದರಾಯ್ತು. ಆ ಪೈಪು ಸಿಪಿವಿಸಿಯದ್ದೇ ಆಗಿರಲಿ, ಮಾಮೂಲಿ ಪಿವಿಸಿ ಬಿಸಿಗೆ ಬಗ್ಗುತ್ತೆ. ದೂರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಮನೆಬಳಕೆಯ ಸಣ್ಣ ಎಲ್‌ಪಿಜಿ ವಾಟರ್ ಹೀಟರಿಗೆ ಇರುವ ಮಾನದಂಡದ ಸಂಖ್ಯೆ ಐಎಸ್ 15558. ಉರಿ ಆರಿದರೆ ಗ್ಯಾಸನ್ನೂ ತಾನಾಗಿ ನಿಲ್ಲಿಸೋ ವ್ಯವಸ್ಥೆ ಇದೆಯಾ ಅಂತ ಕೇಳಿ. ಟ್ಯಾಂಕು ಹೆಚ್ಚು ಎತ್ತರದಲ್ಲಿ ಇಲ್ಲದಿದ್ದರೆ ಕಡಿಮೆ ಪ್ರೆಷರಿನಲ್ಲೂ ಹತ್ತಿಕೊಳ್ಳೋ ಮಾಡೆಲ್ಲೇ ಬೇಕು, ಇಲ್ಲದಿದ್ದರೆ ನಲ್ಲಿ ತಿರುಗಿಸಿ ತಿರುಗಿಸಿ ಸಾಕಾಗುತ್ತೆ.

ಸಿಲಿಂಡರ್ ನೆಟ್ಟಗೆ, ನೆಲಮಟ್ಟದಲ್ಲಿ, ಗಾಳಿ ಆಡೋ ಕಡೆ ನಿಲ್ಲಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಇಳಿದು ಅಲ್ಲೇ ಕೂರುತ್ತೆ. ಗುಂಡಿಯಲ್ಲಿ, ನೆಲಮಾಳಿಗೆಯಲ್ಲಿ, ಬ್ಯಾಟರಿ-ಇನ್ವರ್ಟರ್ ಇರೋ ಕೋಣೆಯಲ್ಲಿ ಖಂಡಿತ ಬೇಡ. ತೋಟದ ಮನೆಯಲ್ಲಿ ಇಲಿಗಳಿಗೆ ರಬ್ಬರ್ ಅಂದ್ರೆ ಪ್ರೀತಿ, ಹಾಗಾಗಿ ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರೋ ಪೈಪೇ ತಗೊಳ್ಳಿ. ಅದನ್ನೂ ಐದು ವರ್ಷಕ್ಕೊಮ್ಮೆ ಬದಲಿಸಿ. ತಿಂಗಳುಗಟ್ಟಲೆ ಬೀಗ ಹಾಕಿ ಹೋಗುವಾಗ ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಕ್ಯಾಪ್ ಹಾಕಿ. ಮಳೆಗಾಲಕ್ಕೆ ಮುಂಚೆ ಒಂದು ತುಂಬಿದ ಸಿಲಿಂಡರ್ ಎತ್ತಿಟ್ಟುಕೊಳ್ಳಿ. ರಸ್ತೆ ಮೇಲೆ ಮರ ಬಿದ್ದ ದಿನ ಗ್ಯಾಸ್ ಗಾಡಿ ಬರಲ್ಲ.

ಉರಿಯ ಬಣ್ಣ ಆಗಾಗ ನೋಡ್ತಾ ಇರಿ. ನೀಲಿ ಇರಬೇಕು. ಹಳದಿಗೆ ತಿರುಗಿದರೆ, ಮೈಮೇಲೆ ಮಸಿ ಕಂಡರೆ, ಬರ್ನರ್ ಶುಚಿ ಮಾಡಿಸೋವರೆಗೂ ಬಳಸಬೇಡಿ. ಖಾಲಿ ಬಿಟ್ಟ ಮನೆಯಲ್ಲಿ ಜೇಡ, ಕಣಜ ಬರ್ನರೊಳಗೆ ಗೂಡು ಕಟ್ಟೋದು ಮಾಮೂಲು.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಒಳಗೇ ಇಟ್ಟರೇನಂತೆ ಅನ್ನೋರೂ ಇದ್ದಾರೆ. ಬೇರೆ ಕಡೆಯಿಂದ ಹೊಸ ಗಾಳಿ ಬರೋಕೆ ದಾರಿ ಇಲ್ಲದಿದ್ದರೆ ಫ್ಯಾನು ಅಷ್ಟೇನೂ ಹೊರಗೆ ಹಾಕಲ್ಲ. ಬ್ಯಾಟರಿ ಮೇಲೆ ನಡೆಯೋ ಮನೆಯಲ್ಲಿ ಆ ಫ್ಯಾನು ಯಾವಾಗ ನಿಲ್ಲುತ್ತೋ ಯಾರಿಗೆ ಗೊತ್ತು? ಅದನ್ನು ನಂಬಿ ಜೀವ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತೆ, ಸೆಲ್ಲಿನಲ್ಲಿ ನಡೆಯುತ್ತೆ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ಗ್ಯಾಸ್ ಲೀಕ್ ಅಲಾರಂ ಬೇರೆ, ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಗೊತ್ತಾಗಲ್ಲ.

ಯಾರಾದರೂ ಒಳಗೆ ಬಹಳ ಹೊತ್ತಾಯ್ತು, ಕರೆದರೆ ಉತ್ತರ ಇಲ್ಲ ಅಂದ್ರೆ ಬಾಗಿಲು ತಟ್ಟುತ್ತಾ ಕಾಯಬೇಡಿ, ಒಡೆದುಬಿಡಿ. ನೀವು ಉಸಿರು ಬಿಗಿಹಿಡಿದು ಒಳಗೆ ಹೋಗಿ ಅವರನ್ನು ಬಯಲಿಗೆ ಎಳೆದುತನ್ನಿ, 108ಕ್ಕೆ ಫೋನ್ ಮಾಡಿ, ಗ್ಯಾಸ್ ಗೀಸರ್ ಅಂತ ಮೊದಲೇ ಹೇಳಿ. ಅವರಿಗೆ ಬೇಕಾಗಿರೋದು ಆಮ್ಲಜನಕ. ಎದ್ದು ಕೂತು ಚೆನ್ನಾಗಿದ್ದೀನಿ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜಾಗ ಇಲ್ಲದವರಿಗೂ

ನನಗೆಲ್ಲಿ ತೋಟ, ನನಗೆಲ್ಲಿ ಮನೆ ಅಂತ ಅಂದುಕೊಂಡು ಇಷ್ಟರವರೆಗೆ ಓದಿದವರಿಗೆ ಕೊನೆಯ ಮಾತು. ವರ್ಷಕ್ಕೆ ಎರಡು ಸಲವಾದರೂ ಹೋಮ್‌ಸ್ಟೇಗೆ ಹೋಗ್ತೀರಲ್ಲ? ಬಿಸಿನೀರಿಗೆ ಗ್ಯಾಸ್ ಇಟ್ಟಿರೋ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ಬುಕ್ ಮಾಡುವಾಗ ವೈಫೈ ಇದೆಯಾ, ಕ್ಯಾಂಪ್‌ಫೈರ್ ಇದೆಯಾ ಅಂತ ಕೇಳೋ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ: "ಗೀಸರ್ ಯಾವುದು, ಎಲ್ಲಿದೆ?" ರೂಮಿಗೆ ಹೋದ ಮೇಲೆ ಬಾತ್‌ರೂಮಿನ ಗೋಡೆ ಒಮ್ಮೆ ನೋಡಿ. ಒಳಗೇ ಗ್ಯಾಸ್ ಗೀಸರ್ ಕಂಡರೆ ಮುಜುಗರ ಬೇಡ, "ಅಕ್ಕಾ, ಎರಡು ಬಕೆಟ್ ನೀರು ಹೊರಗಡೆ ಕಾಯಿಸಿ ಕೊಡ್ತೀರಾ?" ಅಂತ ಕೇಳಿ. ಅದೂ ಆಗಲ್ಲ ಅಂದ್ರೆ ಬಾಗಿಲು, ಕಿಟಕಿ ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಹೊರಗೆ ಬಂದು ಒಂದತ್ತು ನಿಮಿಷ ಗಾಳಿ ಆಡೋಕೆ ಬಿಡಿ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಉರಿ ಹತ್ತಿರುವಾಗ ಚಿಲಕ ಹಾಕಿಕೊಂಡು ಒಳಗಿರಬೇಡಿ. ಹೊರಡುವಾಗ ಮನೆಯವರಿಗೆ ಯಾಕೆ ಹಾಗೆ ಕೇಳಿದ್ರಿ ಅನ್ನೋದನ್ನು ಸಮಾಧಾನವಾಗಿ ಹೇಳಿ ಬನ್ನಿ. ನಿಮ್ಮ ನಂತರ ಆ ರೂಮಿಗೆ ಬರೋರಿಗೂ ಒಳ್ಳೆಯದಾಗುತ್ತೆ.